ಮುಟ್ಟುವುದನ್ನು ಮತ್ತೆ ಕಲಿತ 12 ವಾರಗಳು

ಅತ್ತೆಯವರು ತೀರಿಕೊಂಡು ನಾಲ್ಕು ತಿಂಗಳು ಕಳೆದಿದ್ದ ಒಂದು ರಾತ್ರಿ ನನ್ನ ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕುಳಿತು ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಅವಳ ಬೆನ್ನು ತಟ್ಟುತ್ತಿದ್ದೆ. ತಟ್ಟುತ್ತಿದ್ದುದು ಬಲಗೈ, ಎಡಗೈಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ಕಚೇರಿಯಿಂದ ಬಂದಿದ್ದ ಸಂದೇಶವೊಂದನ್ನು ಓದುತ್ತಿದ್ದೆ. ಸ್ವಲ್ಪ ಹೊತ್ತಿನ ನಂತರ ಅವಳು ನನ್ನ ಬಲಗೈಯನ್ನು ಹಿಡಿದು, ಬೇಡವಾದ ವಸ್ತುವನ್ನು ಪಕ್ಕಕ್ಕೆ ಎತ್ತಿಡುವಂತೆ ಎತ್ತಿ, ನನ್ನ ತೊಡೆಯ ಮೇಲಿಟ್ಟು ಹೇಳಿದಳು: “ನೀವು ನನ್ನನ್ನು ಸಮಾಧಾನ ಮಾಡುತ್ತಿಲ್ಲ, ಸುಮ್ಮನಿರಿಸುತ್ತಿದ್ದೀರಿ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮದುವೆಯಾಗಿ ಆಗ 22 ವರ್ಷಗಳಾಗಿದ್ದವು. ಜಗಳವಾಡುವ ದಂಪತಿಗಳು ನಾವಲ್ಲ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಒದಗದೆ ಇದ್ದವರೂ ಅಲ್ಲ. ಅತ್ತೆಯವರು ಹಾಸಿಗೆ ಹಿಡಿದಿದ್ದ ಒಂದೂವರೆ ವರ್ಷ ಇಬ್ಬರೂ ಸರದಿಯ ಮೇಲೆ ಅವರನ್ನು ಮಗ್ಗುಲಿಗೆ ಹೊರಳಿಸಿದ್ದೆವು, ಮೈ ಒರೆಸಿದ್ದೆವು, ಬೆನ್ನಿಗೆ ಔಷಧ ಹಚ್ಚಿದ್ದೆವು. ಬಹುಶಃ ಆ ದಿನಗಳಲ್ಲಿಯೇ ನಮ್ಮ ಕೈಗಳು ಕೆಲಸದ ಸಲಕರಣೆಗಳಾಗಿ ಗಟ್ಟಿಗೊಂಡವು. ಆದರೆ ಎಲ್ಲವನ್ನೂ ಆ ಒಂದೂವರೆ ವರ್ಷದ ಮೇಲೆ ಹೊರಿಸುವುದು ನ್ಯಾಯವಲ್ಲ. ಅದಕ್ಕೂ ಮುಂಚಿನಿಂದಲೇ, ದಾರಿ ಬಿಡಲು ಹೆಗಲು ಮುಟ್ಟುವುದು, ಎಬ್ಬಿಸಲು ತೋಳು ಅಲುಗಿಸುವುದು, ಜ್ವರವಿದೆಯೇ ಎಂದು ನೋಡಲು ಹಣೆ ಮುಟ್ಟುವುದು ಇವಿಷ್ಟರ ಹೊರತು ನಾವು ಪರಸ್ಪರ ಮುಟ್ಟುತ್ತಿದ್ದುದು ಕಡಿಮೆಯಾಗಿತ್ತು. ದಿನವಿಡೀ ನನ್ನ ಬೆರಳ ತುದಿಗಳು ಹೆಚ್ಚಾಗಿ ಮುಟ್ಟುತ್ತಿದ್ದುದು ಫೋನಿನ ಗಾಜನ್ನು. ಆ ಗಾಜು ಎಲ್ಲಿ ಮುಟ್ಟಿದರೂ ಒಂದೇ ಬಗೆ. ಬೆರಳು ಹೇಗೆ ಬಂತೆಂಬುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಅಂಥ ಮೇಲ್ಮೈಯ ಮೇಲೆ ದಿನಕ್ಕೆ ಸಾವಿರಾರು ಸಲ ಓಡಾಡಿದ ಕೈಯನ್ನೇ ನಾನು ಅವಳ ಬೆನ್ನ ಮೇಲೆ ಇಟ್ಟಿದ್ದೆ.

ಮುಟ್ಟುವುದನ್ನು ಮತ್ತೆ ಕಲಿಯಲು ನಾವು ಮೊದಲು ಹೋದದ್ದು ತಂತ್ರವೆಂಬ ಹಳೆಯ ಸಾಧನಾ ಪರಂಪರೆಯ ಹೆಸರಿನಲ್ಲಿ ನಡೆಯುತ್ತಿದ್ದ ಎರಡು ದಿನಗಳ ಶಿಬಿರವೊಂದಕ್ಕೆ. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಬಂದ ಅರ್ಧ ಗಂಟೆಯೊಳಗೆ ಅಪರಿಚಿತರನ್ನು ಎದುರುಬದುರು ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಲು ಹೇಳಿ, ಬಳಿಕ ಅಪ್ಪಿಕೊಳ್ಳಲು ಹೇಳಿದರು. ಹಿಂಜರಿದ ಮಹಿಳೆಯೊಬ್ಬರಿಗೆ ಅವರ ಹಿಂಜರಿಕೆಯೇ ಅವರ ಬಂಧನವೆಂದು ಎಲ್ಲರ ಮುಂದೆ ವಿವರಿಸಲಾಯಿತು. ಬೇಡವೆನ್ನುವುದನ್ನು ರೋಗವೆಂದು ಕರೆಯುವ ಸ್ಥಳದಲ್ಲಿ ಸ್ಪರ್ಶವನ್ನು ಕಲಿಯಲು ಸಾಧ್ಯವಿಲ್ಲವೆಂದು ನಮಗಿಬ್ಬರಿಗೂ ಒಮ್ಮೆಗೇ ಅನಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಎದ್ದು ಬಂದೆವು. ತಂತ್ರವೆಂಬ ಪದವನ್ನೇ ಅಲ್ಲಿಗೆ ಬಿಟ್ಟುಬಿಡುತ್ತಿದ್ದೆವೇನೋ. ಆದರೆ ದುಃಖದಲ್ಲಿರುವವರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕರೊಬ್ಬರು ನನ್ನ ಹೆಂಡತಿಗೆ ಮತ್ತೊಬ್ಬರ ವಿಷಯ ತಿಳಿಸಿದರು. ಅವರು ದೀರ್ಘ ಕಾಲ ಫಿಸಿಯೋಥೆರಪಿಸ್ಟ್ ಆಗಿ ದುಡಿದವರು, ಜೊತೆಗೆ ಕಾಶ್ಮೀರದ ಶೈವ ಗ್ರಂಥಗಳನ್ನು ಸಂಸ್ಕೃತದಲ್ಲಿಯೇ ಓದಿದವರು. ಅವರನ್ನು ಇಲ್ಲಿ ಶಿಕ್ಷಕಿ ಎಂದಷ್ಟೇ ಕರೆಯುತ್ತೇನೆ, ಏಕೆಂದರೆ ಗುರು ಎಂದು ಕರೆಯಬಾರದೆಂಬುದು ಅವರು ಹಾಕಿದ ಮೊದಲ ಷರತ್ತು.

ಉಳಿದ ಷರತ್ತುಗಳೂ ಸ್ಪಷ್ಟವಾಗಿದ್ದವು. 12 ವಾರಗಳ ಕಾಲ ವಾರಕ್ಕೊಮ್ಮೆ ಭೇಟಿ, ಅವರು ನಮ್ಮನ್ನು ಮುಟ್ಟುವುದಿಲ್ಲ, ಅವರ ಎದುರಿನಲ್ಲಿ ನಾವು ಮುಂಗೈ ಅಂಗೈಗಳ ಹೊರತು ಬೇರೇನನ್ನೂ ಮುಟ್ಟಬೇಕಾಗಿಲ್ಲ, ಅಭ್ಯಾಸವೆಲ್ಲ ಮನೆಯಲ್ಲಿ. ಇಬ್ಬರಲ್ಲಿ ಯಾರು “ಸಾಕು” ಎಂದರೂ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಬೇಕು, ಕಾರಣ ಕೇಳಬಾರದು. ಎಂಟನೆಯ ವಾರ ಮುಗಿಯುವವರೆಗೆ ದಾಂಪತ್ಯದ ಸಂಗವಿರಬಾರದು. ಈ ಕೊನೆಯ ನಿಯಮ ತಂತ್ರದಿಂದ ಬಂದುದಲ್ಲವೆಂದು ಅವರೇ ಹೇಳಿದರು. ದಂಪತಿಗಳ ಲೈಂಗಿಕ ತೊಂದರೆಗಳಿಗೆ ಚಿಕಿತ್ಸೆ ರೂಪಿಸಿದ ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ದಂಪತಿಗಳು ಸರದಿಯ ಮೇಲೆ, ಯಾವ ಗುರಿಯೂ ಇಲ್ಲದೆ, ಜನನಾಂಗಗಳನ್ನು ಬಿಟ್ಟು ಉಳಿದ ಮೈಯನ್ನು ಮುಟ್ಟುವುದೇ ಮೊದಲ ಹಂತ. ಎಲ್ಲಿಗೋ ತಲುಪಬೇಕೆಂಬ ಆತುರ ಕಳಚಿದರೆ ಮಾತ್ರ ಚರ್ಮಕ್ಕೆ ತನ್ನ ಮೇಲೆ ನಡೆಯುತ್ತಿರುವುದು ಗೊತ್ತಾಗುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಮೊದಲ ಭೇಟಿಯಲ್ಲಿ ಶಿಕ್ಷಕಿ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ಸ್ಪರ್ಶದ ಜೊತೆ ಹಳೆಯ ನೋವು ಬೆಸೆದುಕೊಂಡಿದೆಯೇ, ಯಾರಾದರೂ ಬಲವಂತವಾಗಿ ಮುಟ್ಟಿದ ನೆನಪಿದೆಯೇ ಎಂದು ನಿಧಾನವಾಗಿ ವಿಚಾರಿಸಿದರು. ಅಂಥದ್ದು ಇದ್ದರೆ ಈ ಅಭ್ಯಾಸಕ್ಕಿಂತ ಮೊದಲು ಆಗಬೇಕಾದ ಬೇರೆ ಚಿಕಿತ್ಸೆಯಿದೆ ಎಂದರು. ಸ್ಪರ್ಶವನ್ನು ಕಲಿಸುತ್ತೇವೆ ಎನ್ನುವವರು ಈ ಪ್ರಶ್ನೆ ಕೇಳದಿದ್ದರೆ ಅವರ ಬಳಿ ಹೋಗಬಾರದೆಂದು ನಾನು ಈಗ ಯಾರಿಗಾದರೂ ಹೇಳುತ್ತೇನೆ.

ಆ ದಿನವೇ ಅವರು ಹೇಳಿದ ಒಂದು ಮಾತು 12 ವಾರಗಳ ಉದ್ದಕ್ಕೂ ನನ್ನ ಜೊತೆಗಿತ್ತು. ನಾವು ಕನ್ನಡದಲ್ಲಿ ವಿಮರ್ಶೆ, ಪರಾಮರ್ಶೆ ಎಂಬ ಪದಗಳನ್ನು ಪುಸ್ತಕಗಳಿಗೂ ಲೆಕ್ಕಪತ್ರಗಳಿಗೂ ಬಳಸುತ್ತೇವೆ. ಅವುಗಳ ಮೂಲದಲ್ಲಿರುವ ‘ಮೃಶ್’ ಎಂಬ ಧಾತುವಿಗೆ ಮುಟ್ಟು, ಸವರಿ ನೋಡು ಎಂದು ಅರ್ಥ. ಕಾಶ್ಮೀರದ ಶೈವ ದಾರ್ಶನಿಕರು ಚೈತನ್ಯವನ್ನು ವಿವರಿಸಲು ‘ಪ್ರಕಾಶ’ ಮತ್ತು ‘ವಿಮರ್ಶ’ ಎಂಬ ಎರಡು ಪದಗಳನ್ನು ಇಟ್ಟುಕೊಂಡರು. ಪ್ರಕಾಶವೆಂದರೆ ಬೆಳಗುವುದು, ವಿಮರ್ಶವೆಂದರೆ ಆ ಬೆಳಕು ತನ್ನನ್ನು ತಾನು ಮುಟ್ಟಿ ಅರಿಯುವುದು. ಹತ್ತನೆಯ ಶತಮಾನದ ಉತ್ಪಲದೇವನು, ವಿಮರ್ಶವಿಲ್ಲದಿದ್ದರೆ ಪ್ರಕಾಶವು ಸ್ಫಟಿಕದಂತೆ ಜಡವಾಗಿರುತ್ತಿತ್ತು ಎನ್ನುತ್ತಾನೆ. ಸ್ಫಟಿಕವು ಪಕ್ಕದಲ್ಲಿಟ್ಟ ವಸ್ತುವಿನ ಬಣ್ಣವನ್ನೆಲ್ಲ ಹೊತ್ತುಕೊಳ್ಳುತ್ತದೆ, ಆದರೆ ತಾನು ಕೆಂಪಾಗಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಇದನ್ನು ಕೇಳುತ್ತಿದ್ದಾಗ ನನಗೆ ಕಂಡದ್ದು ಆ ರಾತ್ರಿಯ ನನ್ನ ಬಲಗೈ. ಅದು ಅವಳ ಬೆನ್ನನ್ನು ಮುಟ್ಟಿತ್ತು, ಅವಳ ಬಿಕ್ಕಿನ ಅಲುಗಾಟವೆಲ್ಲ ಅದಕ್ಕೆ ತಾಗಿತ್ತು, ಆದರೆ ತಾನು ಮುಟ್ಟುತ್ತಿದ್ದೇನೆ ಎಂಬುದು ಆ ಕೈಗೆ ಗೊತ್ತಿರಲಿಲ್ಲ.

ಮೊದಲ ಎರಡು ವಾರ ನಾವು ಒಬ್ಬರನ್ನೊಬ್ಬರು ಮುಟ್ಟುವಂತಿರಲಿಲ್ಲ. ಪ್ರತಿದಿನ 10 ನಿಮಿಷ ಬೇರೆ ಬೇರೆ ಕೋಣೆಯಲ್ಲಿ ಕುಳಿತು, ಯಾವುದಾದರೂ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಅದಕ್ಕೆ ಏನನ್ನೂ ಮಾಡದೆ, ಅದರಿಂದ ಕೈಗೆ ಬರುವುದನ್ನು ಮಾತ್ರ ತೆಗೆದುಕೊಳ್ಳಬೇಕಿತ್ತು. ನಾನು ಆರಿಸಿಕೊಂಡದ್ದು ಅಂಗೈಯಗಲದ ಒಂದು ಮರದ ಪೆಟ್ಟಿಗೆಯನ್ನು. ಮೊದಲ ದಿನ ಎರಡೇ ನಿಮಿಷದಲ್ಲಿ ಪೆಟ್ಟಿಗೆಯ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿದಾಯಿತೆಂದು ತೋರಿತು, ಉಳಿದ ಎಂಟು ನಿಮಿಷ ಸಹಿಸಲಾಗದ ಬೇಸರದಲ್ಲಿ ಕಳೆಯಿತು. ಐದಾರು ದಿನಗಳು ಹೀಗೆಯೇ ಹೋದವು. ನಂತರ ಒಂದು ಸಂಜೆ, ಏಕೆಂದು ಹೇಳಲಾರೆ, ಬೆರಳುಗಳು ತಾವಾಗಿಯೇ ನಿಧಾನಗೊಂಡವು. ಮುಚ್ಚಳದ ಒಂದು ಮೂಲೆ ಉಳಿದ ಮೂರಕ್ಕಿಂತ ನುಣುಪಾಗಿದೆ ಎಂಬುದು ತಿಳಿಯಿತು, ಅಂದರೆ ಎಷ್ಟೋ ವರ್ಷ ಯಾರ ಹೆಬ್ಬೆರಳೋ ಅಲ್ಲಿಯೇ ಒತ್ತಿ ಅದನ್ನು ತೆರೆದಿರಬೇಕು. ಮರದ ಎಳೆಗಳು ಒಂದು ದಿಕ್ಕಿಗೆ ಸವರಿದರೆ ಒಪ್ಪುತ್ತಿದ್ದವು, ಎದುರು ದಿಕ್ಕಿಗೆ ಸವರಿದರೆ ಸಣ್ಣಗೆ ತಡೆಯುತ್ತಿದ್ದವು. 10 ನಿಮಿಷ ಮುಗಿದು ಗಂಟೆ ಬಾರಿಸಿದಾಗ ನನಗೆ ನಿಜವಾಗಿಯೂ ಬೇಸರವಾಯಿತು.

ಇದಕ್ಕೂ ತಂತ್ರಕ್ಕೂ ಏನು ಸಂಬಂಧವೆಂದು ಮೂರನೆಯ ಭೇಟಿಯಲ್ಲಿ ಕೇಳಿದೆ. ಶಿಕ್ಷಕಿ ವಿಜ್ಞಾನಭೈರವ ತಂತ್ರದ ಪ್ರತಿಯೊಂದನ್ನು ಮುಂದಿಟ್ಟರು. ಭೈರವನು ದೇವಿಗೆ 112 ಧಾರಣೆಗಳನ್ನು, ಅಂದರೆ ಮನಸ್ಸನ್ನು ಒಂದೆಡೆ ನಿಲ್ಲಿಸುವ ಬಗೆಗಳನ್ನು, ಹೇಳುವ ಈ ಕಿರುಗ್ರಂಥ 1918ರಲ್ಲಿ ಕಾಶ್ಮೀರ ಗ್ರಂಥಮಾಲೆಯಲ್ಲಿ ಮುದ್ರಣಗೊಂಡಿತು. ಅದರಲ್ಲಿ ಸಂಗದ ಸುಖವನ್ನು ಕುರಿತ ಶ್ಲೋಕಗಳು ಬೆರಳೆಣಿಕೆಯಷ್ಟು ಮಾತ್ರ. ಉಸಿರು ಹೊರಳುವ ಕ್ಷಣ, ಬಹುಕಾಲದ ನಂತರ ನೆಂಟರೊಬ್ಬರನ್ನು ಕಂಡಾಗಿನ ಸಂತೋಷ, ಊಟದ ತೃಪ್ತಿ, ಸಂಗೀತದಲ್ಲಿ ಕರಗುವುದು, ಸೀನು ಹುಟ್ಟುವ ಮತ್ತು ಮುಗಿಯುವ ಗಳಿಗೆ, ಭಯ, ಶೋಕ ಇವೆಲ್ಲ ಅಲ್ಲಿ ಬಾಗಿಲುಗಳು. ಮೈಯ ಮೇಲೆ ಇರುವೆ ಹರಿದಂಥ ನವಿರಾದ ಸಂವೇದನೆಯೂ ಒಂದು ಬಾಗಿಲು. ಸಾಮಾನ್ಯ ಅನುಭವವೊಂದರೊಳಗೆ ಪೂರ್ತಿಯಾಗಿ ಇಳಿಯುವುದೇ ಈ ಧಾರಣೆಗಳಲ್ಲಿ ಹಲವಾರರ ಬಗೆ. ತಂತ್ರವೆಂದರೆ ಶಯ್ಯಾಗೃಹದ ಗುಟ್ಟು ಎಂಬ ಕಲ್ಪನೆ ಇಷ್ಟು ಬಲವಾಗಿ ಹಬ್ಬಿದ್ದು ಮುಖ್ಯವಾಗಿ ಇಪ್ಪತ್ತನೆಯ ಶತಮಾನದಲ್ಲಿ, ಪಶ್ಚಿಮದ ದೇಶಗಳಲ್ಲಿ ಅದು ಹೊಸ ರೂಪ ಪಡೆದಾಗ. ಆ ಹೊಸ ರೂಪದಿಂದ ಒಳಿತಾದವರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದುಃಖವನ್ನೂ ಬಾಗಿಲೆಂದು ಎಣಿಸಿದ ಒಂದು ಪರಂಪರೆಯನ್ನು ಕೇವಲ ಸುಖದ ಉಪಾಯವಾಗಿ ಕುಗ್ಗಿಸಿದ್ದು ನನಗೆ ದೊಡ್ಡ ನಷ್ಟವೆಂದೇ ತೋರುತ್ತದೆ. ಶೋಕವೆಂಬ ಪದವನ್ನು ಆ ಪುಟದಲ್ಲಿ ಕಂಡಾಗ ನನ್ನ ಹೆಂಡತಿ ಬೆರಳಿಟ್ಟು ಅದನ್ನು ಎರಡು ಸಲ ಓದಿದಳು.

ಆ ವಾರ ಶುರುವಾದದ್ದು ನ್ಯಾಸ. ತಾಂತ್ರಿಕ ಪೂಜೆಯಲ್ಲಿ ಮಂತ್ರಗಳನ್ನು ದೇಹದ ಅಂಗಗಳಲ್ಲಿ ಇರಿಸುವ ಕ್ರಮವಿದು. ಕರನ್ಯಾಸದಲ್ಲಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದಾಗಿ ಐದು ಬೆರಳುಗಳನ್ನೂ ಬಳಿಕ ಅಂಗೈ ಮತ್ತು ಕೈಯ ಹಿಂಬದಿಯನ್ನೂ ಮುಟ್ಟಲಾಗುತ್ತದೆ. ಅಂಗನ್ಯಾಸದಲ್ಲಿ ಹೃದಯ, ತಲೆ, ಶಿಖೆಯ ಜಾಗ, ಎರಡು ತೋಳುಗಳನ್ನು ಅಡ್ಡ ಹಾಯಿಸಿ ಹೆಗಲುಗಳನ್ನು ಮುಟ್ಟುವ ಕವಚ, ಕಣ್ಣು, ಕೊನೆಗೆ ಅಂಗೈಯ ಮೇಲೆ ಬೆರಳು ತಟ್ಟುವ ಅಸ್ತ್ರ. ಮಂತ್ರಗಳು ದೀಕ್ಷೆ ಪಡೆದವರ ಸ್ವತ್ತು, ಅವನ್ನು ಕೊಡುವ ಅಧಿಕಾರ ತಮಗಿಲ್ಲವೆಂದು ಹೇಳಿ ಶಿಕ್ಷಕಿ ನಮಗೆ ಮುಟ್ಟುವ ಕ್ರಮವನ್ನಷ್ಟೇ ಕೊಟ್ಟರು. ಪ್ರತಿ ಅಂಗದ ಮೇಲೂ ಮೂರು ಉಸಿರಿನಷ್ಟು ಹೊತ್ತು ಕೈ ನಿಲ್ಲಬೇಕು. ನ್ಯಾಸವೆಂದರೆ ಇಡುವುದು, ನಂಬಿಕೆಯಿಂದ ಒಪ್ಪಿಸಿದ ಠೇವಣಿಗೂ ಇದೇ ಪದವಿದೆ. ಹೃದಯದ ಮೇಲೆ ಅಂಗೈ ಇಟ್ಟಾಗ ಬಟ್ಟೆಯ ಮೂಲಕ ಬರುವ ಬಡಿತ, ಕವಚಕ್ಕಾಗಿ ತೋಳು ಅಡ್ಡ ಹಾಯಿಸಿದಾಗ ತನ್ನನ್ನೇ ತಾನು ಅಪ್ಪಿಕೊಂಡಂತಾಗುವ ಆ ಭಂಗಿ ಇವು ನನ್ನ ಮೇಲೆ ಮಾಡಿದ ಪರಿಣಾಮ ಅನಿರೀಕ್ಷಿತವಾಗಿತ್ತು. ಸ್ನಾನ ಮಾಡುವಾಗ, ಕ್ಷೌರ ಮಾಡಿಕೊಳ್ಳುವಾಗ ನನ್ನ ಮೈಯನ್ನು ನಾನು ದಿನವೂ ಮುಟ್ಟುತ್ತಿದ್ದೆ. ಅದನ್ನು ಸ್ವಚ್ಛಗೊಳಿಸಬೇಕಾದ ವಸ್ತುವಾಗಿ ಅಲ್ಲದೆ ಇದು ನನ್ನದು ಎಂದು ಮುಟ್ಟಿದ್ದು ಯಾವಾಗ ಎಂಬುದು ನೆನಪಾಗಲಿಲ್ಲ.

ನಾಲ್ಕನೆಯ ವಾರದಲ್ಲಿ ಒಬ್ಬರ ಮುಂಗೈಯನ್ನು ಇನ್ನೊಬ್ಬರು ಮುಟ್ಟುವ ಅಭ್ಯಾಸ ಬಂದಿತು, ಮತ್ತು ಇಲ್ಲಿ ಶಿಕ್ಷಕಿಯ ಹಳೆಯ ವೃತ್ತಿ ನೆರವಿಗೆ ಬಂತು. ಚರ್ಮದಿಂದ ಮಿದುಳಿಗೆ ಸ್ಪರ್ಶದ ಸುದ್ದಿಯನ್ನು ಒಯ್ಯುವ ನರತಂತುಗಳು ಒಂದೇ ಬಗೆಯವಲ್ಲ. ಏನು ತಾಗಿತು, ಎಲ್ಲಿ ತಾಗಿತು, ಎಷ್ಟು ಒರಟು ಎಂಬ ಸುದ್ದಿಯನ್ನು ಕೊಬ್ಬಿನ ಹೊದಿಕೆಯುಳ್ಳ ದಪ್ಪ ತಂತುಗಳು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಒಯ್ಯುತ್ತವೆ. ಇವುಗಳ ಜೊತೆಯಲ್ಲಿ, ಮುಖ್ಯವಾಗಿ ರೋಮವಿರುವ ಚರ್ಮದಲ್ಲಿ, ಹೊದಿಕೆಯಿಲ್ಲದ ತೆಳು ತಂತುಗಳ ಇನ್ನೊಂದು ಬಳಗವಿದೆ. ಇವುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ ಸಾಗುತ್ತದೆ. ಈ ನಿಧಾನದ ತಂತುಗಳು ಹೆಚ್ಚು ಚುರುಕಾಗುವುದು ಯಾರಾದರೂ ಹಗುರವಾಗಿ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಅದರಲ್ಲೂ 3 ಸೆಂಟಿಮೀಟರಿನ ಆಸುಪಾಸಿನಲ್ಲಿ, ಚರ್ಮದಷ್ಟೇ ಬೆಚ್ಚಗಿರುವ ಕೈಯಿಂದ ಸವರಿದಾಗ. ಅವು ಕೊಡುವ ಸುದ್ದಿಯು ದೇಹದ ಒಳಸ್ಥಿತಿಯನ್ನೂ ಭಾವವನ್ನೂ ಹೆಣೆಯುವ ಇನ್ಸುಲಾ ಎಂಬ ಮಿದುಳಿನ ಭಾಗಕ್ಕೆ ತಲುಪುತ್ತದೆ. ಸವರುವ ವೇಗವೂ ಈ ತಂತುಗಳ ಮಿಡಿತವೂ ಅನಿಸುವ ಹಿತವೂ ಒಟ್ಟಿಗೆ ಏರಿಳಿಯುತ್ತವೆಂದು ಮನುಷ್ಯರ ನರಗಳಿಂದಲೇ ದಾಖಲಿಸಿ ತೋರಿಸಿದ ಅಧ್ಯಯನ ಪ್ರಕಟವಾದದ್ದು 2009ರಲ್ಲಿ. ಶಿಕ್ಷಕಿ ಅಳತೆಪಟ್ಟಿ ಹಿಡಿದು ನನ್ನ ಹೆಂಡತಿಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದರು, 24 ಸೆಂಟಿಮೀಟರ್ ಇತ್ತು. ಹಾಗಾದರೆ ಒಂದು ಸಲ ಸವರಲು ಎಂಟು ಸೆಕೆಂಡು ಬೇಕು. ನಾನು ನನ್ನ ರೂಢಿಯಂತೆ ಸವರಿ ತೋರಿಸಿದಾಗ ಗಡಿಯಾರದಲ್ಲಿ ಎರಡು ಸೆಕೆಂಡು ಕೂಡ ಆಗಿರಲಿಲ್ಲ.

ಎಂಟು ಸೆಕೆಂಡು ಎಷ್ಟು ದೀರ್ಘವೆಂಬುದು ಮಾಡಿ ನೋಡಿದವರಿಗೇ ತಿಳಿಯುತ್ತದೆ. ಅಷ್ಟು ಹೊತ್ತು ಕೈಯನ್ನು ಒಂದೇ ಹದದಲ್ಲಿ ನಡೆಸಬೇಕಾದರೆ ಮನಸ್ಸು ಬೇರೆಲ್ಲಿಗೂ ಹೋಗುವಂತಿಲ್ಲ. ಹೋದರೆ ಕೈ ತಟ್ಟನೆ ವೇಗ ಹೆಚ್ಚಿಸಿಕೊಳ್ಳುತ್ತದೆ, ಹೆಂಡತಿ ಕಣ್ಣು ಮುಚ್ಚಿಕೊಂಡೇ “ಹೋದಿರಿ” ಎನ್ನುತ್ತಿದ್ದಳು. ಪ್ರತಿ ಸಲವೂ ಅವಳು ಹೇಳಿದ್ದು ಸರಿಯಾಗಿರುತ್ತಿತ್ತು. ಆದರೆ ವಿಜ್ಞಾನದ ಈ ಅಂಕಿಗಳನ್ನು ಹಿಡಿದು ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಒಂದು ವಾರ ಪೂರ್ತಿ ನಾನು ಮನಸ್ಸಿನಲ್ಲಿ ಸೆಕೆಂಡುಗಳನ್ನು ಎಣಿಸುತ್ತ ಸವರಿದೆ. ವೇಗ ಕರಾರುವಾಕ್ಕಾಗಿತ್ತು. ವಾರದ ಕೊನೆಗೆ ಅವಳು, “ಯಂತ್ರ ಸವರಿದ ಹಾಗಿದೆ” ಎಂದಳು. ಅಂದರೆ ಸ್ಫಟಿಕ ಈಗ ಲೆಕ್ಕ ಕಲಿತಿತ್ತು, ಅಷ್ಟೇ. ಎಣಿಕೆ ಬಿಟ್ಟು ಅವಳ ಉಸಿರಿನ ಜೊತೆ ಕೈಯನ್ನು ನಡೆಸಲು ಆರಂಭಿಸಿದ ಮೇಲೆ ವೇಗ ತಾನಾಗಿ ಹದಕ್ಕೆ ಬಂತು.

ಐದನೆಯ ವಾರ ಮನೆಯಲ್ಲಿ ಮಾಡಲು ಕೊಟ್ಟ ಅಭ್ಯಾಸ ವಿಚಿತ್ರವಾಗಿತ್ತು: ಮುಟ್ಟುವುದಕ್ಕೆ ನಮ್ಮ ಭಾಷೆಯಲ್ಲಿರುವ ಕ್ರಿಯಾಪದಗಳನ್ನೆಲ್ಲ ಬರೆದುಕೊಂಡು ಬರಬೇಕು. ಇಬ್ಬರೂ ಒಂದು ಸಂಜೆ ಕುಳಿತು ಬರೆದೆವು. ಮುಟ್ಟು, ತಾಗು, ತಟ್ಟು, ತಡವು, ಸವರು, ನೇವರಿಸು, ಒತ್ತು, ಅದುಮು, ನೀವು, ಅಪ್ಪು, ತಬ್ಬು, ಅವುಚು, ಚಿವುಟು, ಪೂಸು, ಸೋಕು. ಮೈದಡವು ಎಂಬ ಪದವನ್ನು ಅವಳು ನೆನಪಿಸಿದಳು, ಅವಳ ತಾಯಿ ಅದನ್ನು ಬಳಸುತ್ತಿದ್ದರಂತೆ. ಸೋಂಕು ಎಂಬ ಪದದ ಬಳಿ ಬಂದಾಗ ನಾವು ಸ್ವಲ್ಪ ಹೊತ್ತು ನಿಂತೆವು. ಹಳೆಗನ್ನಡದಲ್ಲಿ ಸೋಂಕು ಎಂದರೆ ಸ್ಪರ್ಶವೇ. ಪ್ರೀತಿಯ ಮೈಸೋಂಕಿಗೂ ಅದೇ ಪದ. ಇಂದು ಅದು ರೋಗ ತಗಲುವುದಕ್ಕೆ ಮೀಸಲಾಗಿದೆ, ಮತ್ತು 2020ರ ನಂತರದ ಎರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಜನರು ತಮ್ಮವರ ಕೈ ಹಿಡಿಯಲು ಹೆದರಿ ಬದುಕಿದ್ದನ್ನು ನೆನೆದರೆ, ಒಂದು ಪದದೊಳಗೆ ಸ್ಪರ್ಶವನ್ನು ಭಯ ಹೇಗೆ ನುಂಗಿತೆಂಬುದು ಕಾಣುತ್ತದೆ. ಪಟ್ಟಿ ಮುಗಿದ ಮೇಲೆ, ಕಳೆದ ಒಂದು ವರ್ಷದಲ್ಲಿ ತಾನು ನನ್ನಿಂದ ಪಡೆದದ್ದು ಯಾವುದು ಎಂದು ಅವಳು ಗುರುತು ಹಾಕಿದಳು. ತಟ್ಟು ಎಂಬ ಪದದ ಮುಂದೆ ಮಾತ್ರ ಗುರುತಿತ್ತು. ಮಗುವನ್ನು ಮಲಗಿಸುವುದಕ್ಕೂ ಹಸುವನ್ನು ಮುಂದಕ್ಕೆ ಕಳಿಸುವುದಕ್ಕೂ ಬಳಸುವ ಸ್ಪರ್ಶವದು. ಎರಡರಲ್ಲಿಯೂ ಎದುರಿನ ಜೀವ ಇನ್ನೇನೋ ಮಾಡಲಿ ಎಂಬ ಬಯಕೆಯಿದೆ.

ಆರನೆಯ ವಾರ ಬೇಡವೆನ್ನುವ ಅಭ್ಯಾಸ. ಒಬ್ಬರು ಕೇಳಬೇಕು, “ನಿನ್ನ ಹೆಗಲ ಮೇಲೆ ಕೈ ಇಡಲೇ?” ಇನ್ನೊಬ್ಬರು ಏನೇ ಅನಿಸುತ್ತಿದ್ದರೂ “ಬೇಡ” ಎನ್ನಬೇಕು, ಕೇಳಿದವರು “ಸರಿ” ಎನ್ನಬೇಕು. ಹೀಗೆ ಹತ್ತು ಸಲ. ಇದು ಸುಲಭವೆಂದುಕೊಂಡಿದ್ದೆ. ಐದನೆಯ ಬೇಡಕ್ಕೆ ನನ್ನ ಗಂಟಲು ಬಿಗಿಯಿತು. ಅದು ಬರಿಯ ಅಭ್ಯಾಸವೆಂದು ತಿಳಿದಿದ್ದರೂ ಅವಮಾನವೆಂಬಂತೆ ಮೈ ಬಿಸಿಯಾಯಿತು. ಅವಳಿಗೆ ಆದದ್ದು ಇದಕ್ಕಿಂತ ಬೇರೆ. ಅವಳಿಂದ ಮೊದಲ ಎರಡು ಸಲ “ಬೇಡ” ಎಂಬ ಪದ ಹೊರಡಲೇ ಇಲ್ಲ, “ಆಮೇಲೆ” ಎಂದಳು, “ಈಗಲೇ?” ಎಂದಳು. ಒಂಬತ್ತನೆಯ ಸಲಕ್ಕೆ ಅವಳ ಧ್ವನಿ ಸ್ಪಷ್ಟವಾಯಿತು, ಬೆನ್ನು ನೆಟ್ಟಗಾಯಿತು. 22 ವರ್ಷಗಳಲ್ಲಿ ಅವಳು ಎಷ್ಟು ಸಲ ಬೇಡವೆನ್ನಲಾಗದೆ ಸುಮ್ಮನಿದ್ದಿರಬಹುದು ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ನಾನು ಕೇಳಲಿಲ್ಲ, ಅವಳಾಗಿಯೇ ಎರಡು ದಿನಗಳ ನಂತರ ಕೆಲವನ್ನು ಹೇಳಿದಳು. ಅವು ಇಲ್ಲಿ ಬರೆಯುವಂಥವಲ್ಲ. ಆದರೆ ಬೇಡವನ್ನು ನಂಬಬಹುದಾದಾಗ ಮಾತ್ರ ಅವಳ ಹೂಂ ಎಂಬುದನ್ನೂ ನಾನು ನಂಬಬಲ್ಲೆ ಎಂಬುದು ನನಗೆ ಆಗ ಮನದಟ್ಟಾಯಿತು.

ಏಳನೆಯ ವಾರದಲ್ಲಿ ನಾನು ಮುರಿದುಬಿದ್ದೆ. ಅಭ್ಯಾಸ ಸರಳವಾದದ್ದು, ಹ್ಯಾರಿ ಫ್ಯಾಡಿಸ್ ಎಂಬವರು ರೂಪಿಸಿದ್ದ ಈ ಮೂರು ನಿಮಿಷದ ಆಟವನ್ನು ಬೆಟ್ಟಿ ಮಾರ್ಟಿನ್ ಎಂಬವರು ಬೆಳೆಸಿ, ಸಮ್ಮತಿಯ ಚಕ್ರವೆಂಬ ಕ್ರಮವಾಗಿ ಜೋಡಿಸಿದ್ದಾರೆ. ಅದರಲ್ಲಿ ಇರುವುದು ಎರಡು ಪ್ರಶ್ನೆಗಳು. ಒಂದು, “ನಾನು ನಿನ್ನನ್ನು ಹೇಗೆ ಮುಟ್ಟಬೇಕೆಂದು ನಿನಗೆ ಆಸೆ?” ಇನ್ನೊಂದು, “ನೀನು ನನ್ನನ್ನು ಹೇಗೆ ಮುಟ್ಟಬೇಕೆಂದು ನಿನಗೆ ಆಸೆ?” ಮುಟ್ಟುವವರು ಯಾರು ಎಂಬುದರ ಜೊತೆಗೆ ಆ ಸ್ಪರ್ಶ ಯಾರಿಗಾಗಿ ಎಂಬುದನ್ನೂ ಈ ಪ್ರಶ್ನೆಗಳು ಬಿಡಿಸಿಡುತ್ತವೆ. ನಾನು ಇನ್ನೊಬ್ಬರಿಗಾಗಿ ಮುಟ್ಟುತ್ತಿದ್ದೇನೆಂದು ಹೇಳಿಕೊಳ್ಳುತ್ತ ನನಗಾಗಿ ಮುಟ್ಟಿದಾಗ ಗೋಜಲು ಹುಟ್ಟುತ್ತದೆ. ಆ ಮೊದಲ ರಾತ್ರಿ ನಾನು ಬೆನ್ನು ತಟ್ಟಿದ್ದು ಅವಳಿಗಾಗಿಯೆಂದು ನಂಬಿದ್ದೆ. ಅವಳ ಅಳು ನಿಂತರೆ ನನಗೆ ಹಗುರವಾಗುತ್ತಿತ್ತು ಎಂಬುದೇ ಸತ್ಯವಾಗಿತ್ತು. ಅವಳು ಅದನ್ನು ಒಂದೇ ವಾಕ್ಯದಲ್ಲಿ ಆಗಲೇ ಹೇಳಿದ್ದಳು.

ಅಂದು ಮೊದಲು ಅವಳು ಕೇಳಿದಳು: “ನಾನು ನಿಮ್ಮನ್ನು ಹೇಗೆ ಮುಟ್ಟಬೇಕೆಂದು ನಿಮಗೆ ಆಸೆ?” ಮೂರು ನಿಮಿಷದ ಗಡಿಯಾರ ಓಡತೊಡಗಿತು. ನಾನು “ನಿನಗೆ ಹೇಗೆ ಅನುಕೂಲವೋ ಹಾಗೆ” ಎಂದೆ. ಅದು ಉತ್ತರವಲ್ಲ ಎಂದಳು. “ಕಾಲು ಒತ್ತು” ಎಂದೆ, ತಕ್ಷಣ ಅವಳಿಗೆ ಅಂದು ಬೆರಳು ನೋವಿರುವುದು ನೆನಪಾಗಿ ಬೇಡವೆಂದೆ. ಆಮೇಲೆ ಹೇಳಲು ನನ್ನಲ್ಲಿ ಏನೂ ಉಳಿಯಲಿಲ್ಲ. ನನಗೆ ಏನು ಬೇಕೆಂಬುದು ನನಗೇ ತಿಳಿಯದಿರುವುದನ್ನು ಅಷ್ಟು ಬರಿದಾಗಿ ನಾನು ಎಂದೂ ಎದುರಿಸಿರಲಿಲ್ಲ. ಕೊಡುವುದರಲ್ಲಿ, ನೋಡಿಕೊಳ್ಳುವುದರಲ್ಲಿ ನಾನು ಪಳಗಿದ್ದೆ. ಅಲ್ಲಿ ನನ್ನ ಹಿಡಿತವಿತ್ತು. ಮುಟ್ಟಿಸಿಕೊಳ್ಳುವಾಗ ಹಿಡಿತವಿರುವುದಿಲ್ಲ. ಗಡಿಯಾರ ಬಾರಿಸಿತು, ಮುಟ್ಟದೆಯೇ ಮೂರು ನಿಮಿಷ ಮುಗಿದಿತ್ತು. ಅವಳು ಪುನಃ ಗಡಿಯಾರ ಇಟ್ಟಳು. ಎರಡನೆಯ ಸರದಿಯ ನಡುವೆ ಎಲ್ಲಿಂದಲೋ ಮಾತು ಬಂತು: “ನನ್ನ ನೆತ್ತಿಯ ಮೇಲೆ ಕೈ ಇಡು. ಅಲುಗಿಸಬೇಡ.” ಅವಳು ಇಟ್ಟಳು. ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ ನನ್ನ ತಂದೆ, ಮುಟ್ಟುವುದೇ ಅಪರೂಪವಾಗಿದ್ದ ಮನುಷ್ಯ, ಜ್ವರದಲ್ಲಿ ಮಲಗಿದ್ದ ನನ್ನ ನೆತ್ತಿಯ ಮೇಲೆ ಹೀಗೆಯೇ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದರು. ಅದು ನೆನಪಾಗಿ ಬಂದದ್ದಲ್ಲ. ತಲೆಯ ಚರ್ಮಕ್ಕೆ ಮೊದಲು ಆ ತೂಕ ತಿಳಿಯಿತು, ನೆನಪು ಆಮೇಲೆ ಬಂತು. ನಾನು ಅತ್ತುಬಿಟ್ಟೆ. ಅವಳು ತಟ್ಟಲಿಲ್ಲ, ಸವರಲಿಲ್ಲ, ಮಾತಾಡಲಿಲ್ಲ. ಅಳು ಮುಗಿಯುವವರೆಗೂ ಆ ಕೈ ಅಲ್ಲಿಯೇ ಇತ್ತು, ಮತ್ತು ಸಮಾಧಾನಕ್ಕೂ ಸುಮ್ಮನಿರಿಸುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ಹಾಗೆ.

ಕಾಶ್ಮೀರದ ಶೈವ ದಾರ್ಶನಿಕ ಅಭಿನವಗುಪ್ತನು ತನ್ನ ತಂತ್ರಾಲೋಕವೆಂಬ ಗ್ರಂಥದ ಹನ್ನೊಂದನೆಯ ಆಹ್ನಿಕದಲ್ಲಿ, ಅಂದರೆ ಅಧ್ಯಾಯದಲ್ಲಿ, ಯೋಗಿಗಳು ಸದಾ ಹಂಬಲಿಸುವ ಒಂದು ಸ್ಪರ್ಶದ ಮಾತೆತ್ತುತ್ತಾನೆ. ಉಳಿದ ಇಂದ್ರಿಯಗಳ ವಿಷಯಗಳು ಹಿಂದೆ ಉಳಿದ ಎತ್ತರದಲ್ಲಿಯೂ ಅತಿ ಸೂಕ್ಷ್ಮವಾಗಿ ಸ್ಪರ್ಶವಿರುತ್ತದೆ ಎಂಬುದು ಅವನ ನಿಲುವು. ಅಂಥ ಅನುಭವವೇನೂ ನನಗಾಯಿತೆಂದು ನಾನು ಹೇಳುತ್ತಿಲ್ಲ, ಹೇಳಿದರೆ ಅದು ಅಪಚಾರವಾದೀತು. ಆದರೆ ಎಂಟನೆಯ ಭೇಟಿಯಲ್ಲಿ ಶಿಕ್ಷಕಿ ಆ ಭಾಗವನ್ನು ಓದಿ ಹೇಳಿದಾಗ, ಕಣ್ಣಿಗೂ ಕಿವಿಗೂ ದೊರಕದ ಒಂದು ಅರಿವು ಚರ್ಮಕ್ಕೆ ದೊರಕಬಹುದೆಂಬುದನ್ನು ಒಪ್ಪಲು ನನಗೆ ಕಷ್ಟವಾಗಲಿಲ್ಲ.

ಉಳಿದ ನಾಲ್ಕು ವಾರಗಳನ್ನು ಬೇಗ ಹೇಳಿ ಮುಗಿಸಬಹುದು. ಬೆನ್ನು, ಪಾದ, ಮುಖ ಎಂದು ಅಭ್ಯಾಸ ವಿಸ್ತಾರವಾಯಿತು. ಕೆಲವು ದಿನ ನಿದ್ದೆ ಬಂತು, ಕೆಲವು ದಿನ ಇಬ್ಬರಿಗೂ ಮನಸ್ಸಿರಲಿಲ್ಲ. ಒಂದು ವಾರ ಸಣ್ಣ ಮನಸ್ತಾಪದಿಂದ ಅಭ್ಯಾಸವೇ ನಡೆಯಲಿಲ್ಲ. ದಾಂಪತ್ಯದ ಸಂಗ ಯಾವಾಗ ಮರಳಿತೆಂಬುದನ್ನು ನಾವು ಶಿಕ್ಷಕಿಗೆ ವರದಿ ಮಾಡಲಿಲ್ಲ, ಅವರೂ ಕೇಳಲಿಲ್ಲ. ಹತ್ತನೆಯ ವಾರದಲ್ಲಿ ಅತ್ತೆಯವರ ಬಟ್ಟೆಗಳನ್ನು ತೆಗೆದಿಡುತ್ತಿದ್ದಾಗ ಅವಳು ಮತ್ತೆ ಕುಸಿದು ಕುಳಿತಳು. ನಾನು ಫೋನನ್ನು ಹೊರಗಿಟ್ಟು ಬಂದು, ಪಕ್ಕದಲ್ಲಿ ಕುಳಿತು, “ಕೈ ಇಡಲೇ?” ಎಂದು ಕೇಳಿದೆ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನಿದ್ದೆ. ಬಿಕ್ಕು ಬಂದಾಗ ಪಕ್ಕೆಲುಬುಗಳು ಹಿಗ್ಗುವುದು, ಹೋದಾಗ ಅಂಗೈಯ ಕೆಳಗಿನ ಬಿಸಿ ಬದಲಾಗುವುದು ಇವೆಲ್ಲ ತಿಳಿಯುತ್ತಿತ್ತು. ಅವಳ ಅಳು ನಿಲ್ಲಬೇಕೆಂದು ನನಗೆ ಅನಿಸಲಿಲ್ಲ. ಅದು ಸುಮಾರು 40 ನಿಮಿಷ ನಡೆಯಿತು.

ಕ್ರಮಬದ್ಧವಾದ ಭೇಟಿಗಳು ಮುಗಿದು ಈಗ ಒಂದು ವರ್ಷವಾಗುತ್ತ ಬಂದಿದೆ. ಬೆಳಗಿನ ನ್ಯಾಸವನ್ನು ನಾನು ಬಿಟ್ಟಿಲ್ಲ. ಮೂರು ನಿಮಿಷದ ಗಡಿಯಾರವನ್ನು ವಾರಕ್ಕೆ ಎರಡು ಮೂರು ಸಲ ಇಡುತ್ತೇವೆ. ನಿನ್ನೆ ರಾತ್ರಿ ಕೇಳುವ ಸರದಿ ನನ್ನದಾಗಿತ್ತು. “ನಾನು ನಿನ್ನನ್ನು ಹೇಗೆ ಮುಟ್ಟಬೇಕೆಂದು ನಿನಗೆ ಆಸೆ?” ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಇವತ್ತು ಬೇಡ” ಎಂದಳು. ಸರಿ ಎಂದೆ. ಗಡಿಯಾರವನ್ನು ಎತ್ತಿಟ್ಟು ದೀಪ ಆರಿಸಿದೆ. ಇಬ್ಬರೂ ಬೇಗ ನಿದ್ದೆ ಹೋದೆವು.